ಚಿಕ್ಕಮ್ಮ ಕೊಟ್ಟ ಏಳು ಡೇರೆ, ಅಳಿಸಿಹೋದ ಏಳು ಹೆಸರು

ಕೆಂಗೇರಿ ತಾರಸಿ | ಅಕ್ಟೋಬರ್ 21

ಎಲ್ಲರಿಗೂ ನಮಸ್ಕಾರ. ನನ್ನ ಪ್ರಶ್ನೆ ಸಣ್ಣದು, ಅದರ ಹಿಂದಿನ ಕತೆ ಉದ್ದ. ಪುರುಸೊತ್ತಿಲ್ಲದವರು ಕೊನೆಯ ಪ್ಯಾರಾ ಮಾತ್ರ ಓದಿ.

ಹೋದ ವಾರ ಹೆಂಡತಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಸಾಗರದಿಂದ ಒಳಗೆ, ಬಸ್ಸಿಳಿದು ಇನ್ನೂ ಒಂದು ಮೈಲಿ ನಡೆಯಬೇಕಾದ ಊರು. ನಾನು ಮಂಡ್ಯ ಕಡೆಯವನು. ಮದುವೆಯಾಗಿ 26 ವರ್ಷವಾಯಿತು, ಆದರೆ ಆ ಮನೆಗೆ ಹೋಗುತ್ತಿದ್ದದ್ದು ಮಕ್ಕಳ ಬೇಸಿಗೆ ರಜೆಯಲ್ಲಿ ಮಾತ್ರ. ಆಗೆಲ್ಲ ಅಂಗಳದ ಸುತ್ತ ತುಕ್ಕು ಹಿಡಿದ ಎಣ್ಣೆ ಡಬ್ಬ, ಒಡೆದ ಬಕೆಟ್ಟು, ತೂತಾದ ಹಂಡೆ, ಸಿಮೆಂಟ್ ಚೀಲ, ಇವುಗಳದ್ದೇ ಸಾಲು. ಒಳಗೆ ಬರೀ ಒಣ ಮಣ್ಣು, ಒಂದು ಎಲೆಯಿಲ್ಲ. ಗುಜರಿಯವರು ಈ ಕಡೆ ಬರಲ್ಲ ಅಂತ ಕಾಣುತ್ತೆ ಎಂದುಕೊಂಡು ಸುಮ್ಮನಿರುತ್ತಿದ್ದೆ. ಈ ಮಾತು ಈಗ ನನ್ನ ಹೆಂಡತಿಯ ಬಾಯಿಂದ ಅವರ ಇಡೀ ಬಳಗಕ್ಕೆ ಗೊತ್ತಾಗಿದೆ.

ಈ ಸಲ ನವರಾತ್ರಿ ಕಳೆದ ಮೇಲೆ, ಚಿತ್ತೆ ಮಳೆಯಲ್ಲಿ ಹೋದೆವು. ಉಣುಗೋಲು ಸರಿಸಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಅದೇ ಡಬ್ಬ, ಅದೇ ಹಂಡೆ. ಆದರೆ ಒಂದೊಂದರಲ್ಲೂ ನನ್ನ ಎದೆಮಟ್ಟಕ್ಕೆ ಬೆಳೆದ ಗಿಡ, ಗಿಡದ ತುದಿಯಲ್ಲಿ ಊಟದ ತಟ್ಟೆಯಷ್ಟು ಹೂವು. ಕೆಂಪು, ಬಿಳಿ, ಹಳದಿ, ಕಿತ್ತಳೆ, ನೇರಳೆ. ನಾವು ಡೇಲಿಯಾ ಅನ್ನೋದನ್ನು ಅವರು ಡೇರೆ ಅನ್ನುತ್ತಾರೆ. ಎಷ್ಟು ಬಗೆ ಇದೆ ಅಂತ ಕೇಳಿದೆ. "ನಲವತ್ತು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಎಣಿಸಿದರೆ ಮಂಗ ಬರುತ್ತೆ" ಅಂದರು. ಮಂಗ ಎಣಿಸದಿದ್ದರೂ ಬರುತ್ತದಂತೆ. ಮೊಗ್ಗುಗಳನ್ನು ಚಿವುಟಿ ಎಸೆದು ಹೋಗುತ್ತವೆ, ತಿನ್ನುವುದೂ ಇಲ್ಲ.

ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗುಡುಗು, ಒಂದು ಗಂಟೆ ಜೋರು ಮಳೆ. ದಿನಾ ಇದೇ. ಮಳೆ ನಿಂತ ಕೂಡಲೇ ಚಿಕ್ಕಮ್ಮ ಅಂಗಳಕ್ಕೆ ಇಳಿಯುತ್ತಿದ್ದರು. ನೀರು ತುಂಬಿ ಬಗ್ಗಿದ ಹೂವುಗಳನ್ನು ಹಿಂದಿನಿಂದ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ತಟ್ಟಿ ನೀರು ಕೊಡವುತ್ತಿದ್ದರು. ಒಂದನ್ನೂ ಬಿಡುವುದಿಲ್ಲ. 67 ವರ್ಷ ಅವರಿಗೆ, ಸೊಂಟ ನೋವು ಬೇರೆ. ನಾನು ಹಿಂದೆ ಹಿಂದೆ ಕೊಡೆ ಹಿಡಿದುಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ನಡೆದೆ. ಅಡಿಕೆ ತೋಟಕ್ಕೆ ಕೊಳೆ ರೋಗಕ್ಕೆ ಅಂತ ಹೊಡೆದು ಉಳಿದ ಮೈಲುತುತ್ತ ಸುಣ್ಣದ ಔಷಧಿಯಲ್ಲಿ ಒಂದು ಚೊಂಬು ಡೇರೆಗೂ ಸಿಗುತ್ತದೆ. ಚಿಕ್ಕಪ್ಪ ಇದನ್ನು ಕಳ್ಳತನ ಅನ್ನುತ್ತಾರೆ. ಅವರ ಪ್ರಕಾರ ಈ ಮನೆಯಲ್ಲಿ ಅಡಿಕೆಗಿಂತ ಡೇರೆಗೇ ಗೊಬ್ಬರ ಜಾಸ್ತಿ.

ಡೇರೆ ಒಂದೇ ಅಲ್ಲ. ಬಚ್ಚಲು ನೀರು ಹರಿಯುವಲ್ಲಿ ಒಂದೆಲಗ, ಅದರದ್ದೇ ಮಧ್ಯಾಹ್ನದ ತಂಬುಳಿ. ಸೇವಂತಿಗೆ ಇನ್ನೂ ಸಾಸಿವೆ ಕಾಳಿನಷ್ಟು ಮೊಗ್ಗು, ದೀಪಾವಳಿಗೆ ಕಾಯುತ್ತಿತ್ತು. ಹಲಸಿನ ಮರದ ಮೇಲೆ ಸೀತಾಳೆ, ಹೂವಿಲ್ಲದ ಕಾಲ. ಅದರ ಮುಂದೆಯೂ ಎರಡು ನಿಮಿಷ ನಿಲ್ಲಿಸಿ, ಜೂನ್‌ನಲ್ಲಿ ಹೇಗಿತ್ತು ಅಂತ ಕೈಯಲ್ಲೇ ತೋರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮನ ಡೇರೆಗಳಿಗೆ ನರ್ಸರಿ ಹೆಸರಿಲ್ಲ. ಯಾರು ಕೊಟ್ಟರೋ, ಎಲ್ಲಿ ಸಿಕ್ಕಿತೋ ಅದೇ ಹೆಸರು. ನನಗೆ ಕೊಟ್ಟ ಏಳು ಇವು: ಹೊಸನಗರದ ಅತ್ತಿಗೆ ಕೆಂಪು. ಮದುವೆಮನೆ ಹಳದಿ. ಟೀಚರ್ ನೇರಳೆ. ಬಸ್ಸಿನ ಬಿಳಿ, ಅಂದರೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿನ ಚೀಲದಿಂದ ಗೆಡ್ಡೆ ಇಣುಕುತ್ತಿತ್ತು, ಕೇಳಿದರು, ಆಕೆ ಮುರಿದು ಕೊಟ್ಟರು, ಮುಂದಿನ ಸ್ಟಾಪಲ್ಲಿ ಇಳಿದು ಹೋದರು. ಹೆಸರೂ ಕೇಳಲಿಲ್ಲವಂತೆ. ಆಸ್ಪತ್ರೆ ಗುಲಾಬಿ, ಚಿಕ್ಕಪ್ಪನಿಗೆ ಆಪರೇಷನ್ ಆದಾಗ ಪಕ್ಕದ ಹಾಸಿಗೆಯವರು ಕೊಟ್ಟಿದ್ದು. ಜಗಳದ ಕಿತ್ತಳೆ, ಇದರ ಕತೆ ಹೇಳಲಿಲ್ಲ, ಬೇಲಿಯಾಚೆಗೆ ಕಣ್ಣು ತೋರಿಸಿದರು ಅಷ್ಟೆ. ಏಳನೆಯದು ಬೀಜ ಬಿದ್ದು ತಾನೇ ಹುಟ್ಟಿದ್ದು. ಕಡುಗೆಂಪು, ಎಸಳಿನ ತುದಿ ಬಿಳಿ. ಅದಕ್ಕೆ ಇನ್ನೂ ಹೆಸರಿಲ್ಲ, "ಮನೇದು" ಅನ್ನುತ್ತಾರೆ.

ಹೂವು ದೊಡ್ಡದಾಗಲಿ ಅಂತ ಎಲೆ ಸಂದಿನ ಚಿಗುರು ಮುರಿಯುತ್ತಾರಲ್ಲ, ಅವನ್ನು ಎಸೆಯದೆ ತೆಂಗಿನ ಗೆರಟೆಯಲ್ಲಿ ಮರಳು ತುಂಬಿ ನೆಟ್ಟಿರುತ್ತಾರೆ. ಹಾಗೆ ಬೇರು ಬಿಟ್ಟ ಏಳು ಗೆರಟೆಗಳನ್ನು ಚಪ್ಪಲಿ ಡಬ್ಬದಲ್ಲಿ ಜೋಡಿಸಿ ಕೊಟ್ಟರು. ಅಡಿಕೆ ಹಾಳೆಯ ಚೂರಿನ ಮೇಲೆ ಸ್ಕೆಚ್ ಪೆನ್ನಲ್ಲಿ ಹೆಸರು ಬರೆದು ಒಂದೊಂದಕ್ಕೂ ಚುಚ್ಚಿದ್ದರು. ರಾತ್ರಿ ರೈಲಿನಲ್ಲಿ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಒಂದು ಎಲೆಯೂ ಮುರಿಯಲಿಲ್ಲ. ಮನೆಗೆ ಬಂದವನೇ, ಪಾಪ ಬಾಯಾರಿರುತ್ತೆ ಅಂತ ಬಾತ್‌ರೂಮಿನಲ್ಲಿಟ್ಟು ಮಗ್ಗಿನಲ್ಲಿ ನೀರು ಹೊಯ್ದೆ. ಹಾಳೆ ಚೂರುಗಳು ತೇಲಿದವು. ನೇರಳೆ ನೀರು ಮೋರಿಗೆ ಹೋಯಿತು. ಅದರ ಜೊತೆ ಏಳು ಹೆಸರೂ ಹೋದವು.

ಪ್ರಶ್ನೆ ಎರಡು. ಹೂ ಬಿಡುವ ಮುಂಚೆ ಯಾವುದು ಯಾವ ಬಣ್ಣ ಅಂತ ಕಂಡುಹಿಡಿಯಲು ದಾರಿ ಇದೆಯಾ? ಅಲ್ಲಿ ಮಳೆಗಾಲದಲ್ಲಿ ಬೆಳೆಯುವ ಗಿಡ ಕೆಂಗೇರಿಯ ತಾರಸಿಯಲ್ಲಿ ಈಗ ನೆಟ್ಟರೆ ಬದುಕುತ್ತಾ? ಚಿಕ್ಕಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಗಿಡಗಳನ್ನು ಹೆಸರು ಹಿಡಿದೇ ವಿಚಾರಿಸುತ್ತಾರೆ.

ಶಿರಸಿಯವಳು | ಅಕ್ಟೋಬರ್ 21

ಅಯ್ಯೋ, ಓದಿ ನಕ್ಕು ನಕ್ಕು ಸಾಕಾಯಿತು. ನಮ್ಮ ಅಮ್ಮನ ಹತ್ತಿರ "ಕಂಡಕ್ಟರ್ ಹಳದಿ" ಇದೆ. ಹಾಗಾಗಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ.

ಕಾಂಡ ನೋಡಿ. ದಂಟು, ಎಲೆ ದೇಟು ಕಪ್ಪುಗೆಂಪಾಗಿದ್ದರೆ ಸಾಮಾನ್ಯವಾಗಿ ಕೆಂಪು, ನೇರಳೆ ಜಾತಿ. ಬಿಳಿ, ಹಳದಿಯವು ಹೆಚ್ಚಾಗಿ ಹಸಿರು ದಂಟಿನವು. ನೂರಕ್ಕೆ ನೂರು ಅಲ್ಲ, ಆದರೆ ಏಳನ್ನು ಎರಡು ಗುಂಪು ಮಾಡಲು ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ನಿಮ್ಮ ಚಿಕ್ಕಮ್ಮನಿಗೆ ಎಲೆಯ ಫೋಟೋ ಕಳಿಸಿ. ಅವರಿಗೆ ಗೊತ್ತಾಗುತ್ತೆ. ಆದರೆ ಆಗ ನಿಮ್ಮ ಬಂಡವಾಳವೂ ಗೊತ್ತಾಗುತ್ತೆ!

ಇನ್ನು ಮುಂದೆ ಪೆನ್ಸಿಲ್‌ನಲ್ಲಿ ಬರೆಯಿರಿ. ಐಸ್‌ಕ್ರೀಮ್ ಡಬ್ಬ ಕತ್ತರಿಸಿ ಅದರ ಮೇಲೆ. ಮಾರ್ಕರ್, ಸ್ಕೆಚ್ ಪೆನ್ ಎಲ್ಲ ಮಳೆ ಬಿಸಿಲಿಗೆ ಹೋಗುತ್ತೆ, ಪೆನ್ಸಿಲ್ ಹೋಗಲ್ಲ.

ನಮ್ಮಲ್ಲಿ ಲೆಕ್ಕ ಹೀಗೆ. ರೋಹಿಣಿ ಮಳೆ ಹೊತ್ತಿಗೆ ಗೆಡ್ಡೆ ಮಣ್ಣಿಗೆ, ಮಘೆ ಹುಬ್ಬೆಯಲ್ಲಿ ಹೂವು ಶುರು, ದೀಪಾವಳಿ ಆಸುಪಾಸಿಗೆ ಮುಗೀತು. ಆಮೇಲೆ ಗಿಡ ಒಣಗುತ್ತೆ. ನೀವು ಬೇಸಿಗೆಯಲ್ಲಿ ನೋಡಿದ "ಗುಜರಿ" ಒಳಗೆ ಗೆಡ್ಡೆ ಮಲಗಿತ್ತು ಸ್ವಾಮಿ. ಬೆಂಗಳೂರಿನ ಲೆಕ್ಕ ನನಗೆ ಗೊತ್ತಿಲ್ಲ.

ಮಣ್ಣಿನ ಕೈ | ಅಕ್ಟೋಬರ್ 22

ಬೆಂಗಳೂರಿನ ಲೆಕ್ಕ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ತಾರಸಿಯಲ್ಲಿ ಬೆಳೆಯುತ್ತಿದ್ದೇನೆ.

ನಿಮ್ಮ ಅದೃಷ್ಟ ಚೆನ್ನಾಗಿದೆ. ಇಲ್ಲಿ ಡೇಲಿಯಾ ಚಳಿಗಾಲದ ಗಿಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೆಟ್ಟರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೂವು. ಲಾಲ್‌ಬಾಗ್‌ನ ಜನವರಿ ಫ್ಲವರ್ ಶೋಗೆ ಹೋದವರು ನೋಡಿರುತ್ತೀರಿ. ಈ ಗಿಡ ಮೂಲತಃ ಮೆಕ್ಸಿಕೋದ ಬೆಟ್ಟಗಳದ್ದು. ಅದಕ್ಕೆ ಬೇಕಾಗಿರೋದು ತಂಪು. ಮಲೆನಾಡಿನಲ್ಲಿ ಆ ತಂಪು ಮಳೆಗಾಲದಲ್ಲಿ ಸಿಗುತ್ತೆ, ಬೆಂಗಳೂರಲ್ಲಿ ಚಳಿಗಾಲದಲ್ಲಿ. ಅಷ್ಟೇ ವ್ಯತ್ಯಾಸ.

ಗೆರಟೆಯಿಂದ ಈಗಲೇ ದೊಡ್ಡ ಕುಂಡಕ್ಕೆ ಹಾಕಬೇಡಿ. ಮೊದಲು ಸಣ್ಣ ಕುಂಡ, ಮೂರು ವಾರ ಬಿಟ್ಟು 12 ಇಂಚಿನದು. ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ, ಸ್ವಲ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಚಿಗುರಿನ ತುದಿಯಲ್ಲಿ ಈಗಲೇ ಮೊಗ್ಗಿದ್ದರೆ ಕಣ್ಣು ಮುಚ್ಚಿಕೊಂಡು ಚಿವುಟಿ. ಕೋಲನ್ನು ಗಿಡ ನೆಡುವಾಗಲೇ ಊರಿ, ಆಮೇಲೆ ಚುಚ್ಚಿದರೆ ಗೆಡ್ಡೆಗೆ ತಗಲುತ್ತೆ.

ಮುಖ್ಯವಾದ ಮಾತು: ಮಗ್ಗಿನಲ್ಲಿ ಸ್ನಾನ ಮಾಡಿಸೋದು ನಿಲ್ಲಿಸಿ. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ ನೀರು.

ಶಿರಸಿಯವಳು | ಅಕ್ಟೋಬರ್ 22

ನೀರಿಗೆ ಅಷ್ಟೊಂದು ಹೆದರಬೇಡಿ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಜುಲೈ ಪೂರ್ತಿ ಜಡಿಮಳೆ, ಡೇರೆ ಅದರಲ್ಲೇ ನಿಂತಿರುತ್ತೆ.

ಮಣ್ಣಿನ ಕೈ | ಅಕ್ಟೋಬರ್ 22

ನಿಮ್ಮಲ್ಲಿ ಡಬ್ಬದ ತಳ ತುಕ್ಕು ಹಿಡಿದು ತೂತಾಗಿದೆ ಅಕ್ಕ. ಇವರ ಕುಂಡದ ತಟ್ಟೆಯಲ್ಲಿ ನೀರು ನಿಂತಿರುತ್ತೆ. ಪಂದ್ಯ ಬೇಕಾದರೆ ಕಟ್ಟುತ್ತೇನೆ.

ಕೆಂಗೇರಿ ತಾರಸಿ | ಅಕ್ಟೋಬರ್ 22

ನಿಂತಿದೆ. ಈಗ ಹೋಗಿ ಚೆಲ್ಲಿ ಬಂದೆ.

ಸಿಂಪಲ್ ಮನುಷ್ಯ | ಅಕ್ಟೋಬರ್ 24

ಒಂದು ಡೇಲಿಯಾಗೆ ಇಷ್ಟು ಕತೆನಾ? ಇನ್ನೊಂದು ತಿಂಗಳು ಕಾದರೆ ನರ್ಸರಿಗಳಲ್ಲಿ ಬಣ್ಣ ಬಣ್ಣದ್ದು ಬರುತ್ತೆ. ಏಳು ಬಣ್ಣ ತಂದಿಟ್ಟು, ಇವೇ ಅವು ಅಂತ ಫೋಟೋ ಕಳಿಸಿ. ಮುಗೀತು.

ಕೆಂಗೇರಿ ತಾರಸಿ | ಅಕ್ಟೋಬರ್ 24

ಸುಳ್ಳು ಹೇಳಲ್ಲ, ಈ ಯೋಚನೆ ನನಗೂ ಬಂದಿತ್ತು. ಹೆಂಡತಿ ಕೇಳಿದಳು, "ಜಗಳದ ಕಿತ್ತಳೆ ಯಾವ ನರ್ಸರಿಯಲ್ಲಿ ಸಿಗುತ್ತೆ?"

ಸಿದ್ದಾಪುರ ಟು ಸ್ಯಾನ್ ಫ್ರಾನ್ಸಿಸ್ಕೋ | ಅಕ್ಟೋಬರ್ 26

ನಾನು ಸಿದ್ದಾಪುರದವನು, ಈಗ ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಈ ಊರಿನ ಅಧಿಕೃತ ಹೂವು ಯಾವುದು ಗೊತ್ತಾ? ನಮ್ಮ ಡೇರೆಯೇ. 1926ರಲ್ಲೇ ಘೋಷಣೆ ಮಾಡಿದ್ದಾರೆ. ಮೆಕ್ಸಿಕೋ ಅದನ್ನು ತನ್ನ ರಾಷ್ಟ್ರೀಯ ಹೂವು ಮಾಡಿಕೊಂಡಿದ್ದು ಅದಾದ ಮೇಲೆ, 1963ರಲ್ಲಿ. ಇಲ್ಲಿಯ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಗಾಜಿನ ಮನೆಯ ಪಕ್ಕ ಡೇರೆಗೇ ಅಂತ ಒಂದು ತೋಟ ಇದೆ. ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿ ಸ್ವೆಟರ್ ಹಾಕಿಕೊಳ್ಳುವಷ್ಟು ತಂಪಾಗುತ್ತೆ. ಅದಕ್ಕೇ ಇರಬೇಕು ಚೆನ್ನಾಗಿ ಬರುತ್ತೆ. ಮೊದಲ ವರ್ಷ ನೋಡಿದಾಗ ನನಗೆ ಅಜ್ಜಿಯ ಅಂಗಳ ನೆನಪಾಗಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಿದ್ದೆ.

ಹೆಸರಿನ ವಿಷಯ. ಸ್ವೀಡನ್‌ನಲ್ಲಿ ಆಂಡರ್ಸ್ ಡಾಲ್ ಅಂತ ಒಬ್ಬ ಸಸ್ಯಶಾಸ್ತ್ರಜ್ಞ ಇದ್ದ. ಅವನ ನೆನಪಿಗೆ ಅಂತ 1791ರಲ್ಲಿ ಈ ಗಿಡಕ್ಕೆ ಡೇಲಿಯಾ ಅಂತ ಹೆಸರಿಟ್ಟರು. ನಮ್ಮ ಬಾಯಲ್ಲಿ ಅದೇ ಡೇರೆ ಆಗಿರಬೇಕು. ಅಂದಮೇಲೆ ಗಿಡಕ್ಕೆ ಮನುಷ್ಯರ ಹೆಸರಿಡುವುದರಲ್ಲಿ ನಿಮ್ಮ ಚಿಕ್ಕಮ್ಮ ಒಬ್ಬರೇ ಅಲ್ಲ.

"ಮನೇದು" ಬಗ್ಗೆ ಒಂದು ಎಚ್ಚರಿಕೆ. ಡೇರೆಯ ಜೀವಕೋಶದಲ್ಲಿ ವರ್ಣತಂತುಗಳು ಎಂಟು ಜೊತೆ ಸೆಟ್ ಇರುತ್ತವೆ, ನಮ್ಮ ಹಾಗೆ ಎರಡಲ್ಲ. ಅದಕ್ಕೇ ಬೀಜದಿಂದ ಹುಟ್ಟಿದ ಒಂದೊಂದು ಗಿಡವೂ ಒಂದೊಂದು ಬಣ್ಣ. ಆ ಗಿಡ ಸತ್ತರೆ ಅಂಥದ್ದೇ ಇನ್ನೊಂದು ಬೀಜದಿಂದ ಬರಲ್ಲ. ಗೆಡ್ಡೆ ಅಥವಾ ಚಿಗುರಿನಿಂದ ಮಾತ್ರ. ಇನ್ನೊಂದು: ಎರಡು ಬಣ್ಣದವು ಒಮ್ಮೊಮ್ಮೆ ಬಿಳಿ ತುದಿ ಇಲ್ಲದೆ ಪೂರ್ತಿ ಕೆಂಪು ಹೂ ಬಿಡುತ್ತವೆ. ಆಗ ಅದನ್ನೇ ಹೊಸನಗರದ ಅತ್ತಿಗೆ ಅಂದುಕೊಂಡು ಮೋಸ ಹೋಗಬೇಡಿ.

ಶಿರಸಿಯವಳು | ಅಕ್ಟೋಬರ್ 26

ಎಂಟು "ಜೊತೆ" ಅಲ್ಲ ಅನ್ಸುತ್ತೆ, ಎಂಟು ಸೆಟ್. ಒಟ್ಟು 64 ವರ್ಣತಂತು. ನಾನು ಪಿಯುಸಿಗೆ ಬಯಾಲಜಿ ಪಾಠ ಮಾಡುವವಳು, ಸುಮ್ನೆ ಬಿಡೋಕಾಗಲಿಲ್ಲ.

ಸಿದ್ದಾಪುರ ಟು ಸ್ಯಾನ್ ಫ್ರಾನ್ಸಿಸ್ಕೋ | ಅಕ್ಟೋಬರ್ 27

ಸರಿ ಮೇಡಂ, ಎಂಟು ಸೆಟ್. ತಪ್ಪಾಯ್ತು. ಕಂಪ್ಯೂಟರ್ ಕೆಲಸದವನು ನಾನು.

ಕೆಂಗೇರಿ ತಾರಸಿ | ನವೆಂಬರ್ 17

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಏಳರಲ್ಲಿ ಎರಡು ಬುಡ ಕೊಳೆತು ಹೋದವು. ಮಣ್ಣಿನ ಕೈ ಅವರೇ, ಪಂದ್ಯ ನೀವೇ ಗೆದ್ದಿರಿ. ಇನ್ನೊಂದನ್ನು ಪಾರಿವಾಳ ತುಳಿದು ಮುರಿಯಿತು. ಉಳಿದಿದ್ದು ನಾಲ್ಕು. ಎರಡು ಕಪ್ಪು ದಂಟಿನವು, ಎರಡು ಹಸಿರು ದಂಟಿನವು. ಎಲೆಯ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕಿ ಓಡಾಡುತ್ತಿದ್ದವು. ನುಸಿ ಅಂತ ಇಲ್ಲೇ ಹಳೆಯ ಒಂದು ಚರ್ಚೆಯಲ್ಲಿ ಓದಿ, ಬೆಳಗ್ಗೆ ಎಲೆಯ ತಳಕ್ಕೆ ನೀರು ಚಿಮುಕಿಸುತ್ತಿದ್ದೇನೆ. ಕಡಿಮೆಯಾಗಿದೆ.

ಈಗ ತಪ್ಪೊಪ್ಪಿಗೆ. ಚಿಕ್ಕಮ್ಮನಿಗೆ ಹೇಳಿಲ್ಲ. ಹೋದ ಭಾನುವಾರ "ಆಸ್ಪತ್ರೆ ಗುಲಾಬಿ ಹೇಗಿದೆ?" ಅಂತ ಕೇಳಿದರು. "ಚೆನ್ನಾಗಿದೆ, ಡಿಸ್ಚಾರ್ಜ್ ಆಗೋ ಹಾಗಿದೆ" ಅಂದೆ. ಅವರು ನಕ್ಕರು. ಹೆಂಡತಿ ನಗಲಿಲ್ಲ.

ಶಿರಸಿಯವಳು | ನವೆಂಬರ್ 17

ಹೇಳಿಬಿಡಿ ಸರ್. ಡೇರೆ ಬೆಳೆಯುವವರಿಗೆ ಗಿಡ ಸಾಯೋದು ಹೊಸದೇನಲ್ಲ. ನಮ್ಮ ಅಮ್ಮನಿಗೆ ವರ್ಷಕ್ಕೆ ಹತ್ತು ಹದಿನೈದು ಗೆಡ್ಡೆ ಕೊಳೆಯುತ್ತೆ. ಕೊಳೆತದ್ದು ಯಾರ ಮನೆಯಲ್ಲಿ ಇದೆ ಅಂತ ನೆನಪಿಟ್ಟುಕೊಂಡು ಅಲ್ಲಿಗೆ ಹೊರಡುತ್ತಾರೆ.

ಕೆಂಗೇರಿ ತಾರಸಿ | ಜನವರಿ 16

ಸಂಕ್ರಾಂತಿಯ ದಿನ ಮೊದಲ ಹೂವು ಬಿರಿಯಿತು. ಬಿಳಿ! ಅಂಗೈಯಷ್ಟೇ, ಊಟದ ತಟ್ಟೆಯಷ್ಟಲ್ಲ. ಆದರೆ ಬೆಳ್ಳಗೆ, ಮಧ್ಯದಲ್ಲಿ ಎಲ್ಲೋ ಚೂರು ಹಸಿರು. ಅದು ಬಸ್ಸಿನ ಬಿಳಿಯೇ, ಅನುಮಾನವಿಲ್ಲ. ಎರಡು ದಿನ ಬಿಟ್ಟು ಕಪ್ಪು ದಂಟಿನದು ಒಂದು ಕೆಂಪಾಗಿ ಅರಳಿತು. ಹೊಸನಗರದ ಅತ್ತಿಗೆಯೋ, ತುದಿ ಬಿಳಿಯಾಗಲು ಮರೆತ "ಮನೇದೋ", ಗೊತ್ತಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದವರು ಹೇಳಿದ ಹಾಗೇ ಆಯಿತು.

ಇನ್ನು ತಡೆಯೋಕಾಗಲ್ಲ ಅಂತ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಮಗ್ಗು, ಮೋರಿ, ಪಾರಿವಾಳ, ಡಿಸ್ಚಾರ್ಜ್, ಎಲ್ಲ. ಚಿಕ್ಕಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅದಿರಲಿ, ಕೆಂಪು ಹೂವಿನ ಹಿಂಬದಿ ತೋರಿಸಿ" ಅಂದರು. ತಿರುಗಿಸಿ ತೋರಿಸಿದೆ. ಹಿಂದಿನ ಎಸಳುಗಳ ತುದಿಯಲ್ಲಿ ಸುಣ್ಣ ತಾಗಿದ ಹಾಗೆ ಒಂದು ಗೆರೆ ಬಿಳಿ ಇತ್ತು. ನಾನು ಅಷ್ಟು ಹೊತ್ತೂ ಮುಂದಿನಿಂದಲೇ ನೋಡುತ್ತಾ ಕೂತಿದ್ದೆ. "ಮನೇದು" ಅಂದರು.

ಆಮೇಲೆ ಬಿಳಿಯದನ್ನು ತೋರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ನಾವು ಬಂದ ಮೇಲೆ ಸ್ವಾತಿಯಲ್ಲಿ ಅಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದು, ಹಂಡೆಯಲ್ಲಿದ್ದ ಬಿಳಿ ಡೇರೆ ಗೆಡ್ಡೆ ಸಮೇತ ಕೊಳೆತಿತ್ತಂತೆ. ಅವರೂ ನನಗೆ ಹೇಳಿರಲಿಲ್ಲ! ಪ್ರತಿ ಭಾನುವಾರ ಬಸ್ಸಿನ ಬಿಳಿ ಹೇಗಿದೆ ಅಂತ ಎರಡು ಸಲ ಯಾಕೆ ಕೇಳುತ್ತಿದ್ದರು ಅಂತ ಈಗ ಗೊತ್ತಾಯಿತು. "ರೋಹಿಣಿ ಹೊತ್ತಿಗೆ ಒಂದು ಗೆಡ್ಡೆ ಕಳಿಸ್ತೀರಾ?" ಅಂದರು.

ಕಳಿಸುವುದು ಹೇಗೆ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ. ಈ ಸಲ ಮಗ್ಗಿನ ಕೆಲಸ ಇಲ್ಲ.

ಮಣ್ಣಿನ ಕೈ | ಜನವರಿ 16

ಹೂ ಮುಗಿದ ಮೇಲೆ ನೀರು ಕಡಿಮೆ ಮಾಡುತ್ತಾ ಬನ್ನಿ. ಗಿಡ ತಾನೇ ಹಳದಿಯಾಗಿ ಒಣಗಲಿ. ದಂಟನ್ನು ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಕುಂಡವನ್ನು ಹಾಗೇ ನೆರಳಿನಲ್ಲಿಡಿ. ಏಪ್ರಿಲ್ ಕೊನೆಯಲ್ಲಿ ಕೀಳಿ. ಡೇಲಿಯಾ ಆಲೂಗಡ್ಡೆ ಅಲ್ಲ, ಗೆಡ್ಡೆಯ ಮೈಮೇಲೆ ಕಣ್ಣಿರಲ್ಲ. ಹಳೆಯ ದಂಟು ಸೇರುವ ಕುತ್ತಿಗೆಯಲ್ಲಿ ಮಾತ್ರ ಇರುತ್ತೆ. ಅಲ್ಲಿಯ ಒಂದು ಚೂರು ಸೇರಿಸಿಯೇ ಭಾಗ ಮಾಡಬೇಕು. ಇಲ್ಲದಿದ್ದರೆ ಗೆಡ್ಡೆ ದಪ್ಪಗಿದ್ದರೂ ಮೊಳೆಯಲ್ಲ.

ಶಿರಸಿಯವಳು | ಜನವರಿ 17

ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ ಎರಡು ದಿನ ನೆರಳಲ್ಲಿ ಆರಲು ಬಿಡಿ. ಪೇಪರ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡವೇ ಬೇಡ, ಬೆವರುತ್ತೆ. ಕುತ್ತಿಗೆ ಮುರಿಯದ ಹಾಗೆ ಡಬ್ಬಕ್ಕೆ ತೆಂಗಿನ ನಾರು ತುಂಬಿ. ಕೊರಿಯರ್‌ಗಿಂತ ನೀವೇ ಹೋಗೋದು ಒಳ್ಳೇದು ಅಲ್ವಾ? ಹೋದರೆ ಡಬ್ಬದಲ್ಲಿ ಬರುವಾಗ ಏನಾದರೂ ಸಿಕ್ಕೇ ಸಿಗುತ್ತೆ.

ಮತ್ತೆ, ಚೀಟಿಯ ಮೇಲೆ ಏನಂತ ಬರೆಯುತ್ತೀರಿ? ಬಸ್ಸಿನ ಬಿಳಿಯೋ, ಕೆಂಗೇರಿ ಬಿಳಿಯೋ?

ಕೆಂಗೇರಿ ತಾರಸಿ | ಜನವರಿ 18

ಪೆನ್ಸಿಲ್ ತಂದಿಟ್ಟಿದ್ದೇನೆ. ಐಸ್‌ಕ್ರೀಮ್ ಡಬ್ಬವೂ ಖಾಲಿಯಾಗಿದೆ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ನೀವು ಕೇಳಿದ್ದನ್ನೇ ಚಿಕ್ಕಮ್ಮನನ್ನು ಕೇಳಿದೆ. ಒಳಗೊಳಗೆ ನನ್ನ ಹೆಸರು ಬರುತ್ತೇನೋ ಅಂತ ಆಸೆ ಇತ್ತು. "ಬಸ್ಸಿನ ಬಿಳಿ ಅಂತಲೇ ಬರೀರಿ. ಮುರಿದು ಕೊಟ್ಟಿದ್ದು ಆ ಹೆಂಗಸಲ್ವಾ" ಅಂದರು.